ಸಿಡಿಲಗರುಡನ ಮದುವೆ ಸಂಚಿಕೆ

ಚಿತ್ರಕಥೆಯ, ಅಂದರೆ ಕಾಮಿಕ್ಸಿನ, ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ನನ್ನನ್ನು ಕೇಳುವ ಮೊದಲ ಪ್ರಶ್ನೆ, ಹಾರುವವನ ಬೆನ್ನ ಮೇಲಿನ ಬಟ್ಟೆಯನ್ನು ಗಾಳಿಯಲ್ಲಿ ಹಾರಿಸುವುದು ಹೇಗೆ ಎಂಬುದು. ಅದಕ್ಕೆ ಉತ್ತರ ಸುಲಭ. ಒಗೆದ ಪಂಚೆಯೊಂದನ್ನು ಮಹಡಿಯ ಮೇಲೆ ಒಣಹಾಕಿ, ಗಾಳಿ ಬರುವವರೆಗೆ ಎದುರಿಗೆ ಕೂತುಕೊಳ್ಳಿ. ನಾನು ಹಾಗೇ ಕಲಿತದ್ದು. ಎರಡನೆಯ ಪ್ರಶ್ನೆಯನ್ನು ಮಾತ್ರ ಸ್ವಲ್ಪ ದನಿ ತಗ್ಗಿಸಿ ಕೇಳುತ್ತಾರೆ. "ಮೇಡಂ, ಆ ಮದುವೆ ಸಂಚಿಕೆ ನಿಜವಾಗ್ಲೂ ಅರಸೀಕೆರೆಯಲ್ಲೇ ಅಚ್ಚಾಯ್ತಾ?" ಇದಕ್ಕೆ ಉತ್ತರ ಅಷ್ಟು ಚಿಕ್ಕದಲ್ಲ. ಪಠ್ಯಪುಸ್ತಕಗಳಿಗೆ ಚಿತ್ರ ಬರೆಯುವ ಕೆಲಸದಿಂದ ನಿವೃತ್ತಳಾದ ಮೇಲೆ ಪುರುಸೊತ್ತು ಸಿಕ್ಕಿದೆ. ಬರೆದುಬಿಡುತ್ತೇನೆ.

ತೊಂಬತ್ತರ ದಶಕದ ಮೊದಲಲ್ಲಿ ನಾನು ಬಾಣಾವರದಿಂದ ರೈಲಿನಲ್ಲಿ ಅರಸೀಕೆರೆಗೆ ಕೆಲಸಕ್ಕೆ ಬರುತ್ತಿದ್ದೆ. ನಮ್ಮ ಪ್ರೆಸ್ಸು ಇದ್ದದ್ದು ಕೊಬ್ಬರಿ ಗೋದಾಮಿನ ಮೇಲಿನ ಮಹಡಿಯಲ್ಲಿ. ಮಾಲೀಕರು ರುದ್ರಪ್ಪನವರು. ಕೊಬ್ಬರಿ ವ್ಯಾಪಾರ ಅವರ ಮನೆತನದ ಕಸುಬು, ಪ್ರೆಸ್ಸು ಅವರ ಹುಚ್ಚು. ಲಗ್ನಪತ್ರಿಕೆ, ಮಠದ ಕರಪತ್ರ ಅಚ್ಚು ಹಾಕಿ ಬಂದ ಲಾಭವನ್ನೆಲ್ಲ ತಂದು 'ಸಿಡಿಲಗರುಡ' ಎಂಬ ಮಾಸಿಕ ಚಿತ್ರಕಥೆಗೆ ಸುರಿಯುತ್ತಿದ್ದರು. ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದು ಲಗ್ನಪತ್ರಿಕೆಗೆ ಗಣಪತಿ ಬರೆಯಲು. ನನ್ನ ಗಣಪತಿಯ ತೋಳು ನೋಡಿ, "ಜಯಮ್ಮ, ಈ ತೋಳು ದೇವರಿಗೆ ಜಾಸ್ತಿ ಆಯ್ತು. ನಮ್ಮ ಗರುಡನಿಗೆ ಸರಿಯಾಗೈತೆ" ಎಂದು ಪಕ್ಕದ ಮೇಜಿಗೆ ಕಳಿಸಿದರು.

ಗರುಡನ ಕಥೆ ತಿಳಿಯದವರಿಗೆ ಒಂದು ಮಾತು. ಅವನು ಹಗಲು ಹೊತ್ತು ಅರಸೀಕೆರೆ–ಬೇಲೂರು ಬಸ್ಸಿನ ಕಂಡಕ್ಟರ್ ಕೆಂಚಪ್ಪ. ಒಮ್ಮೆ ಬಸ್ಸಿನ ಟಾಪಿನ ಮೇಲೆ ನಿಂತು ಲಗೇಜು ಇಳಿಸುತ್ತಿದ್ದಾಗ ಸಿಡಿಲು ಹೊಡೆದು, ಸಾಯುವ ಬದಲು ಹಾರಲು ಕಲಿತವನು. ನೀಲಿ ಅಂಗಿ, ಮುಖಕ್ಕೆ ಕೊಕ್ಕಿನ ಆಕಾರದ ಮುಖವಾಡ. ಸೇತುವೆ ಕುಸಿದರೆ, ಗೂಡ್ಸ್ ರೈಲು ಹಳಿ ತಪ್ಪಿದರೆ, ಕೆರೆಯ ಏರಿ ಒಡೆದರೆ ಕೆಂಚಪ್ಪ ಡ್ರೈವರಿಗೆ "ಒಂದು ನಿಮಿಷ ತಡೀರಿ" ಎಂದು ಹೇಳಿ ಬಸ್ಸಿನ ಹಿಂದೆ ಹೋಗಿ ಗರುಡನಾಗಿ ಹಾರುತ್ತಿದ್ದ. ಪ್ರಯಾಣಿಕರು ಎಷ್ಟೋ ವರ್ಷ ಅದನ್ನು ಕಂಡುಹಿಡಿಯಲಿಲ್ಲ. ಬಸ್ಸು ಅಲ್ಲಲ್ಲಿ ನಿಲ್ಲುವುದು ನಮ್ಮ ಕಡೆ ಯಾರಿಗೂ ವಿಶೇಷವಾಗಿ ಕಾಣುವುದಿಲ್ಲ.

ರುದ್ರಪ್ಪನವರಂಥ ಮೇಲಧಿಕಾರಿ ನನಗೆ ಮತ್ತೆ ಸಿಗಲಿಲ್ಲ. ಪ್ರೂಫನ್ನು ಅವರು ಕಣ್ಣಿನಲ್ಲಿ ಓದುತ್ತಿರಲಿಲ್ಲ, ದನಿ ಎತ್ತಿ ಓದುತ್ತಿದ್ದರು. ಗರುಡನಿಗೆ ಒಂದು ದನಿ, ಖಳನಿಗೆ ಇನ್ನೊಂದು, ಕೆಂಚಪ್ಪನ ತಾಯಿಗೆ ತಮ್ಮ ತಾಯಿಯದೇ ದನಿ. ಕೆಳಗೆ ಕೊಬ್ಬರಿ ಮೂಟೆ ಹೊರುವವರು ತಲೆ ಎತ್ತಿ ನೋಡಿ ನಗುತ್ತಿದ್ದರು. ಓದುವಾಗ ನಾಲಿಗೆ ತೊಡರಿದ ಕಡೆ ಕೆಂಪು ಗೆರೆ ಎಳೆಯುತ್ತಿದ್ದರು. ಅವರು ಗೆರೆ ಎಳೆದ ಕಡೆಯೆಲ್ಲ ಮಾತು ಸುಳ್ಳಾಗಿರುತ್ತಿತ್ತು ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು.

ಆಗ ಎಲ್ಲವೂ ಕೈಬರಹ. ಮಾತಿನ ಬಲೂನು ಬರೆಯುವುದು ಚಿತ್ರ ಬರೆಯುವುದಕ್ಕಿಂತ ಕಷ್ಟ. ಕನ್ನಡದ ಒತ್ತಕ್ಷರ ಕೆಳಗಿಳಿದು ಗರುಡನ ತಲೆಗೆ ಕುಟ್ಟುತ್ತಿತ್ತು. ಅದಕ್ಕೇ ನಮ್ಮ ಗರುಡ ಸದಾ ಸ್ವಲ್ಪ ಬಗ್ಗಿಯೇ ಮಾತಾಡುತ್ತಾನೆ. ಓದುಗರು ಅದನ್ನು ವಿನಯ ಎಂದುಕೊಂಡಿದ್ದರು.

ನಮ್ಮಲ್ಲಿದ್ದದ್ದು ಒಂದೇ ಬಣ್ಣದ ಹಳೆಯ ಆಫ್‌ಸೆಟ್ ಮಷೀನು. ನಾಲ್ಕು ಬಣ್ಣ ಬೇಕಾದರೆ ಅದೇ ಕಾಗದವನ್ನು ನಾಲ್ಕು ಸಲ ಹಾಯಿಸಬೇಕು. ಒಂದು ತಿಂಗಳು ಲಗ್ನಪತ್ರಿಕೆಗಳ ಒತ್ತಡದಲ್ಲಿ ನೀಲಿ ಪ್ಲೇಟಿಗೆ ಮೆಜೆಂಟಾ ಎಂಬ ಗುಲಾಬಿ ಶಾಯಿ, ಮೆಜೆಂಟಾ ಪ್ಲೇಟಿಗೆ ನೀಲಿ ಶಾಯಿ ಬಿದ್ದುಬಿಟ್ಟಿತು. ಗರುಡನ ಅಂಗಿ ಕಡು ಗುಲಾಬಿ. ಮುಖ ಹಸಿರು. ಬೇಲೂರಿನ ಮೇಲಿನ ಆಕಾಶ ತೊಳೆದ ಬೀಟ್‌ರೂಟಿನ ಹಾಗೆ. ನಾವು ನೋಡುವಷ್ಟರಲ್ಲಿ ಬಂಡಲುಗಳು ಬಸ್ಸು ಹತ್ತಿದ್ದವು. ಹಾಸನದ ಏಜೆಂಟರು ಫೋನ್ ಮಾಡಿ, "ಏನ್ ಯಜಮಾನ್ರೇ, ಗರುಡ ಸೀರೆ ಅಂಗಡಿ ಉದ್ಘಾಟನೆಗೆ ಹೊರಟನಾ?" ಎಂದರು. ರುದ್ರಪ್ಪನವರು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ.

ಅದೇ ವಾರ ಹಳೇಬೀಡಿನಿಂದ ಒಬ್ಬ ಯುವಕ ಬಸ್ಸು ಹಿಡಿದು ಪ್ರೆಸ್ಸಿಗೆ ಬಂದ. ಖಾಸಗಿ ಹೈಸ್ಕೂಲಿನಲ್ಲಿ ಮೇಷ್ಟರು, ಹೆಸರು ಗೌತಮ. ಗುಲಾಬಿ ಸಂಚಿಕೆಯನ್ನು ಮೇಜಿನ ಮೇಲಿಟ್ಟು, "ಇದನ್ನ ತಪ್ಪು ಅಂತ ಯಾಕೆ ಒಪ್ಕೋಬೇಕು ಸಾರ್? ಮುಂದಿನ ತಿಂಗಳಿಗೆ ನಾನೊಂದು ಕಥೆ ತಂದಿದ್ದೀನಿ" ಎಂದ. ಅವನ ಕಥೆಯಲ್ಲಿ ಖಳನೊಬ್ಬ ಮಾಯದ ಮಂಜು ಎರಚಿ ಊರಿನ ಬಣ್ಣಗಳನ್ನೆಲ್ಲ ಅದಲು ಬದಲು ಮಾಡುತ್ತಾನೆ. ಗುಲಾಬಿ ಅಂಗಿಯಲ್ಲಿ ಬೀದಿಗೆ ಬಂದರೆ ಜನ ನಗುತ್ತಾರೆಂದು ಗರುಡ ಅಡಗಿಕೊಳ್ಳುತ್ತಾನೆ ಎಂಬುದು ಖಳನ ಲೆಕ್ಕಾಚಾರ. ಗರುಡ ಅದೇ ಅಂಗಿಯಲ್ಲಿ ಬರುತ್ತಾನೆ. "ಅಂಗಿ ಬಣ್ಣ ಬದಲಾಯ್ತು, ತೋಳು ಹಳೇದೇ" ಎಂದು ಒಂದು ಏಟು ಕೊಡುತ್ತಾನೆ. ರುದ್ರಪ್ಪನವರು ದನಿ ಎತ್ತಿ ಓದಿದರು. ಎಲ್ಲೂ ತೊಡರಲಿಲ್ಲ. "ಮೇಷ್ಟ್ರೇ, ಭಾನುವಾರ ಭಾನುವಾರ ಬಂದು ಕಥೆ ಬರೀತೀರಾ?" ಎಂದು ಕೇಳಿದರು. ಹೀಗೆ ನಮ್ಮ ಅತಿ ದೊಡ್ಡ ಎಡವಟ್ಟು ನಮಗೆ ನಮ್ಮ ಅತಿ ಒಳ್ಳೆಯ ಕಥೆಗಾರನನ್ನು ತಂದುಕೊಟ್ಟಿತು.

ಗೌತಮ ಬಂದ ಮೇಲೆ ಮೊದಲ ಜಗಳ ನವಿಲಯ್ಯನ ಮೇಲೆ ಆಯಿತು. ನವಿಲಯ್ಯ ಎಂಬುವವನು ನಾನು ಸೇರುವ ಮೊದಲೇ ಇದ್ದ ಖಳ. ತುಟಿಗೆ ಬಣ್ಣ, ಕಣ್ಣಿಗೆ ಕಾಡಿಗೆ, ಸೊಂಟ ಬಳುಕಿಸುವ ನಡಿಗೆ. ಅವನು ಬಂದಾಗಲೆಲ್ಲ ಗರುಡನ ಕೆನ್ನೆ ಸವರಲು ಹೋಗಿ ಏಟು ತಿನ್ನಬೇಕು, ಓದುಗರು ನಗಬೇಕು. ಅವನಿಲ್ಲದ ಸಂಚಿಕೆಗೆ ಏಜೆಂಟರು ಮುಖ ಸಿಂಡರಿಸುತ್ತಿದ್ದರು. ಗೌತಮ ಅವನನ್ನು ಬರೆಯಲು ಒಪ್ಪಲಿಲ್ಲ.

"ಇವನು ಮಾಡಿದ ತಪ್ಪೇನು ಯಜಮಾನ್ರೇ?" ಎಂದು ಕೇಳಿದ.

"ಬ್ಯಾಂಕ್ ದರೋಡೆ ಮಾಡ್ತಾನಲ್ಲ."

"ಅದಕ್ಕೆ ಯಾರೂ ನಗಲ್ಲ. ನಡಿಗೆಗೆ ನಗ್ತಾರೆ."

ರುದ್ರಪ್ಪನವರು "ಜನ ಕೇಳ್ತಾರೆ ಕಣ್ರೀ" ಎಂದು ಎದ್ದು ಹೋದರು.

ಆ ಭಾನುವಾರ ನಾನೂ ಗೌತಮನೂ ಹಳೇಬೀಡಿಗೆ ಹೋಗಿದ್ದೆವು. ಗುಡಿಯ ಗೋಡೆ ನಮಗೆ ಪಾಠಶಾಲೆ ಇದ್ದ ಹಾಗೆ. ಓಡುವ ಕುದುರೆಯ ಕಾಲು, ಬಿಲ್ಲು ಎಳೆದವನ ಭುಜ, ಗುಂಪಿನಲ್ಲಿ ಯಾರ ಹಿಂದೆ ಯಾರನ್ನು ನಿಲ್ಲಿಸಬೇಕು ಎಂಬ ವಿದ್ಯೆ, ಇವೆಲ್ಲವನ್ನೂ ನಾನು ಆ ಕೆತ್ತನೆಯ ಪಟ್ಟಿಕೆಗಳಿಂದ ನಕಲು ಮಾಡಿ ಕಲಿತದ್ದು. ಕಲಿಯುವವರು ಈಗಲೂ ಅಲ್ಲಿಗೆ ಹೋಗಬೇಕು, ಫೋನಿನಲ್ಲಿ ಫೋಟೊ ಹೊಡೆದುಕೊಳ್ಳುವುದಕ್ಕಲ್ಲ, ಪೆನ್ಸಿಲ್ ಹಿಡಿದು ಕೂರುವುದಕ್ಕೆ. ನಾನು ಬರೆಯುತ್ತಿದ್ದಾಗ ಗೌತಮ ಒಂದು ಮೂರ್ತಿಯ ಮುಂದೆ ನಿಂತು, "ಜಯಕ್ಕ, ಇಲ್ಲಿ ನೋಡಿ. ಕೊರಳ ತುಂಬ ಹಾರ, ಕಿವಿಗೆ ಓಲೆ, ಸೊಂಟ ಹೆಂಗೆ ಬಳುಕಿಸಿ ನಿಂತಿದ್ದಾನೆ. ಇವನಿಗೆ ಕೈ ಮುಗೀತಾರೆ. ಅದೇ ಸೊಂಟ ನಮ್ಮ ಪುಸ್ತಕದಲ್ಲಿ ಬಂದ್ರೆ ನಗ್ತಾರೆ" ಎಂದ. ನಾನು ಆ ಮೂರ್ತಿಯನ್ನು ಬರೆದುಕೊಂಡೆ. ಮುಂದಿನ ಸಂಚಿಕೆಗೆ ನವಿಲಯ್ಯನನ್ನು ಹಾಗೇ ನಿಲ್ಲಿಸಿದೆ. ಕಾಡಿಗೆ ಇತ್ತು, ಬಳುಕು ಇತ್ತು, ಆದರೆ ನಿಂತ ಠೀವಿಗೆ ಗರುಡನೇ ಒಂದು ಹೆಜ್ಜೆ ಹಿಂದೆ ಸರಿಯುವಂತಿತ್ತು. ಗೌತಮ ಅವನಿಗೆ ಬುದ್ಧಿವಂತಿಕೆಯ ಮಾತುಗಳನ್ನು ಕೊಟ್ಟ. ಕೆಲವು ತಿಂಗಳಲ್ಲಿ ನವಿಲಯ್ಯ ಕಳ್ಳತನ ಬಿಟ್ಟು ಗರುಡನಿಗೆ ಗುಟ್ಟಿನಲ್ಲಿ ಸುಳಿವು ಕೊಡುವವನಾದ. ಏಜೆಂಟರು ಗೊಣಗಿದರು, ಆಮೇಲೆ ಅವರೇ "ನವಿಲಯ್ಯ ಬರೋದು ಯಾವಾಗ?" ಎಂದು ಕೇಳತೊಡಗಿದರು.

ಅಷ್ಟು ಹೊತ್ತಿಗೆ ಗೌತಮ ನನಗೆ ತಮ್ಮನ ಹಾಗೆ ಆಗಿದ್ದ. 'ನೀವು' ಹೋಗಿ 'ನೀನು' ಬಂದಿತ್ತು. ಅವನ ಬುತ್ತಿಯಲ್ಲಿ ಅರ್ಧ ನನ್ನದು, ನನ್ನ ಬುತ್ತಿಯಲ್ಲಿ ಮುಕ್ಕಾಲು ಅವನದು.

ಪತ್ರಿಕೆಗೆ ಹತ್ತು ವರ್ಷ ತುಂಬುವ ಹೊತ್ತಿಗೆ ರುದ್ರಪ್ಪನವರು ಒಂದು ಭಾನುವಾರ ಬೆಳಿಗ್ಗೆ ಹೊಸ ಶರಟು ಹಾಕಿಕೊಂಡು ಬಂದು ಘೋಷಿಸಿದರು. "ಹತ್ತನೇ ವರ್ಷದ ವಿಶೇಷ ಸಂಚಿಕೆ. ಗರುಡನ ಮದುವೆ ಮಾಡಿಬಿಡೋಣ. ಅವನ ತಾಯಿಗೂ ವಯಸ್ಸಾಯ್ತು." ಅವರು ಗರುಡನ ಮನೆಯ ವಿಷಯವನ್ನು ನೆಂಟರ ಮನೆಯ ವಿಷಯದ ಹಾಗೆಯೇ ಮಾತಾಡುತ್ತಿದ್ದರು. ಮಂಟಪ ಹೇಗಿರಬೇಕು, ಊಟಕ್ಕೆ ಏನೇನು, ನವಿಲಯ್ಯನಿಗೆ ಯಾವ ಸಾಲಿನಲ್ಲಿ ಕುರ್ಚಿ ಎಂದೆಲ್ಲ ಹೇಳಿ, "ಹುಡುಗಿ ಮಾತ್ರ ನೀವು ಹುಡುಕಿ ಮೇಷ್ಟ್ರೇ" ಎಂದರು.

ಗೌತಮ ಪೆನ್ನು ಕೆಳಗಿಟ್ಟ. "ಅವನಿಗೆ ಹುಡುಗಿ ಬೇಡ ಯಜಮಾನ್ರೇ."

"ಬೇಡ ಅಂದ್ರೆ? ಸನ್ಯಾಸಿ ಏನು?"

"ಸನ್ಯಾಸಿ ಅಲ್ಲ. ಅವನಿಗೆ ಮನಸ್ಸಿರೋದು ಡಾಕ್ಟ್ರ ಮೇಲೆ. ಸೋಮಣ್ಣನ ಮೇಲೆ."

ಸೋಮಣ್ಣ ನಮ್ಮ ಕಥೆಯಲ್ಲಿ ಅರೇಹಳ್ಳಿಯ ಪಶುವೈದ್ಯ. ಗರುಡನಿಗೆ ಗಾಯವಾದಾಗ ಹೊಲಿಗೆ ಹಾಕುವವನು, ಮುಖವಾಡದ ಗುಟ್ಟು ಗೊತ್ತಿದ್ದ ಒಬ್ಬನೇ ಒಬ್ಬ. ಗೌತಮನೇ ಆ ಪಾತ್ರವನ್ನು ತಂದವನು. ಕೆಳಗೆ ತಕ್ಕಡಿಯ ಸರಪಳಿ ಸದ್ದು ಕೇಳುತ್ತಿತ್ತು. ರುದ್ರಪ್ಪನವರು ಕನ್ನಡಕ ತೆಗೆದರು.

"ಇದು ನಿಮಗೆ ಹೆಂಗೆ ಹೊಳೀತು?"

"ಹೊಳೆಯೋದೇನು ಬಂತು. ನಾನೂ ಹಂಗೇ ಇರೋನು ಯಜಮಾನ್ರೇ."

ಈ ಮಾತನ್ನು ಅವನು ದನಿ ತಗ್ಗಿಸದೆ, ಏರಿಸದೆ ಹೇಳಿದ. ನನಗೆ ಆ ಕ್ಷಣದಲ್ಲಿ ಏನನ್ನಿಸಿತು ಎಂದು ಎಷ್ಟೋ ಜನ ಕೇಳಿದ್ದಾರೆ. ನಿಜ ಹೇಳಬೇಕೆಂದರೆ, ಇಷ್ಟು ವರ್ಷ ಜೊತೆಯಲ್ಲಿ ಊಟ ಮಾಡಿದ ಮನುಷ್ಯ ಇದನ್ನು ಒಬ್ಬನೇ ಹೊತ್ತುಕೊಂಡು ಬಸ್ಸು ಹತ್ತಿ ಇಳಿಯುತ್ತಿದ್ದನಲ್ಲ ಅನ್ನಿಸಿತು. ನನ್ನ ನೀರಿನ ಬಾಟಲಿಯನ್ನು ಅವನ ಕಡೆ ಸರಿಸಿದೆ. ಅಷ್ಟೇ ಮಾಡಲು ತೋಚಿದ್ದು.

ರುದ್ರಪ್ಪನವರು ಕೆಳಗಿಳಿದು ಹೋದರು. ಒಂದು ವಾರ ಮಹಡಿ ಹತ್ತಲಿಲ್ಲ. ಗೌತಮ ಮುಂದಿನ ಭಾನುವಾರ ಬಂದು ತನ್ನ ಪುಸ್ತಕಗಳನ್ನು ಚೀಲಕ್ಕೆ ತುಂಬತೊಡಗಿದ. "ಹೋಗು ಅಂತ ಅವರಾಗೇ ಹೇಳೋ ಮುಂಚೆ ಹೋಗ್ಬಿಟ್ರೆ ಮರ್ಯಾದೆ ಜಯಕ್ಕ" ಎಂದ. ನಾನು ಬೈಯುತ್ತಿದ್ದೆ, ಅವನು ತುಂಬುತ್ತಿದ್ದ. ಆಗ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ರುದ್ರಪ್ಪನವರ ತೋಳಿನ ತುಂಬ ಹಳೆಯ ಸಂಚಿಕೆಗಳು. ಮೇಜಿನ ಮೇಲೆ ಧೊಪ್ಪನೆ ಹಾಕಿ, ಚೀಲದ ಕಡೆ ನೋಡಲೂ ಇಲ್ಲ.

"ಮೇಷ್ಟ್ರೇ, ಪೂರ್ತಿ ಕೂತು ಓದಿದೆ. ಇವನಿಗೆ ಏಟು ಬಿದ್ದಾಗಲೆಲ್ಲ ಇವನು ಹೋಗೋದು ದನದ ಡಾಕ್ಟ್ರ ಹತ್ರ. ಅರಸೀಕೆರೆ ತುಂಬ ಮನುಷ್ಯರ ಡಾಕ್ಟ್ರಿದ್ದಾರೆ. ಅರೇಹಳ್ಳಿ ತನಕ ಹಾರ್ಕೊಂಡು ಹೋಗೋ ಅಗತ್ಯ ಏನಿತ್ತು? ಬೆರಳಿಗೆ ಮುಳ್ಳು ಚುಚ್ಚಿದ್ದಕ್ಕೂ ಹೋಗಿದ್ದಾನೆ. ನಾನೇ ಪ್ರೂಫ್ ಓದಿದ್ದೀನಿ, ನನಗ್ಯಾಕೆ ಗೊತ್ತಾಗಲಿಲ್ಲ?"

ಗೌತಮ ನಕ್ಕ. ನಗು ಶುರುವಾದದ್ದು ನಿಲ್ಲಲಿಲ್ಲ, ಕಣ್ಣಲ್ಲಿ ನೀರು ಬರುವವರೆಗೂ ನಕ್ಕ. ರುದ್ರಪ್ಪನವರು ಕುರ್ಚಿ ಎಳೆದು ಕೂತು, "ನನಗೆ ಇದೆಲ್ಲ ಅರ್ಥ ಆಗ್ತೈತೆ ಅಂತ ಹೇಳಲ್ಲ. ಆದ್ರೆ ಹುಡುಗಿ ತಂದು ಕೂರಿಸಿದ್ರೆ ಓದುವಾಗ ನಾಲಿಗೆ ತೊಡರ್ತೈತೆ. ಅದು ಮಾತ್ರ ಗೊತ್ತಾಯ್ತು. ಈಗ ಹೇಳಿ, ಇಬ್ಬರೂ ಎಲ್ಲಿ ಇರ್ತಾರೆ? ಅಡಿಗೆ ಯಾರು ಮಾಡ್ತಾರೆ?" ಎಂದರು.

ಸಂಚಿಕೆಯ ಕೆಲಸ ಶುರುವಾಯಿತು. ಮೊದಲ ತೊಡಕು ಪದದ್ದು. ಪೇಪರಿನವರು ಬಳಸುತ್ತಿದ್ದ 'ಸಲಿಂಗಿ' ಎಂಬ ಪದವನ್ನು ಬಲೂನಿನಲ್ಲಿ ಬರೆದು ನೋಡಿದೆ. ಕಂಡಕ್ಟರ್ ಕೆಂಚಪ್ಪನ ಬಾಯಲ್ಲಿ ಅದು ಪೊಲೀಸ್ ವರದಿಯ ಹಾಗೆ ಕಂಡಿತು. ಬೀದಿಯಲ್ಲಿ ಸಿಗುವ ಬೇರೆ ಪದಗಳೆಲ್ಲ ಬೈಗುಳ. ಇಂಗ್ಲಿಷ್ ಪದ ಹಾಕಿದರೆ ಅವನ ತಾಯಿಗೆ ತಿಳಿಯುವುದಿಲ್ಲ, ಮತ್ತು ಅವನು ಹೇಳಬೇಕಾದದ್ದು ತಾಯಿಗೆ. ಮೂವರೂ ಸೇರಿ ಎಷ್ಟೋ ಬಲೂನುಗಳನ್ನು ಬಿಳಿ ಬಣ್ಣ ಬಳಿದು ಅಳಿಸಿದೆವು. ಕೊನೆಗೆ ಗೌತಮ, "ನಾನು ನಮ್ಮವ್ವನಿಗೆ ಹೇಳೋದಾದ್ರೆ ಹೆಂಗೆ ಹೇಳ್ತಿದ್ದೆ ಅಂತ ಬರೀತೀನಿ" ಎಂದು ಹೇಳಿ ಬರೆದ. ಕೆಂಚಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾನೆ, ಮುಖವಾಡ ಕೈಯಲ್ಲಿದೆ. "ಮದುವೆ ಯಾಕೆ ಬೇಡ ಅಂತ ಕೇಳ್ತಿದ್ದೆಯಲ್ಲವ್ವ. ಸೋಮಣ್ಣ ಅಂತ ಅವರೆ. ನನ್ನ ಜೀವ ಅವರ ಹತ್ರ ಐತೆ."

ಎದುರು ಚೌಕದಲ್ಲಿ ತಾಯಿ. ಅವಳ ಬಲೂನು ಖಾಲಿ. ಗೌತಮ ಎಷ್ಟು ಯೋಚಿಸಿದರೂ ಅವಳ ಮಾತು ಬರಲಿಲ್ಲ. "ಇದನ್ನ ನಾನು ಯಾವತ್ತೂ ಕೇಳಿಲ್ಲ ಜಯಕ್ಕ. ಹೆಂಗೆ ಬರೀಲಿ?" ಎಂದ. ಪುಟ ಅಚ್ಚಿನ ಪ್ಲೇಟಿಗೆ ಹೋಗುವ ದಿನ ಬಂದರೂ ಬಲೂನು ಖಾಲಿಯೇ ಇತ್ತು. ರುದ್ರಪ್ಪನವರು ಪುಟವನ್ನು ಕೈಗೆತ್ತಿಕೊಂಡು, ಕೆಂಚಪ್ಪನ ಮಾತನ್ನು ಅವನ ದನಿಯಲ್ಲಿ ಓದಿ, ಖಾಲಿ ಬಲೂನಿಗೆ ಬಂದು, ತಮ್ಮ ತಾಯಿಯ ದನಿಯಲ್ಲಿ ಹೇಳಿದರು. "ಯಾರು, ಆ ದನದ ಡಾಕ್ಟ್ರಾ? ಕೆಂದಹಸ ಮೂರು ದಿನದಿಂದ ಮೇವು ಮುಟ್ಟಿಲ್ಲ, ಬಂದು ನೋಡು ಅನ್ನು." ನಾನು ಶಾಯಿ ಅದ್ದಿ ಹಾಗೇ ಬರೆದೆ. ಗೌತಮ ಕಿಟಕಿಯ ಹತ್ತಿರ ಹೋಗಿ ನಮಗೆ ಬೆನ್ನು ಮಾಡಿ ನಿಂತ.

ಮಂಟಪ ಬರಲಿಲ್ಲ, ಊಟದ ಸಾಲು ಬರಲಿಲ್ಲ. ಕೊನೆಯ ಪುಟದಲ್ಲಿ ಸೋಮಣ್ಣ ಕೊಟ್ಟಿಗೆಯಲ್ಲಿ ಹಸುವಿನ ನಾಲಿಗೆ ನೋಡುತ್ತಿದ್ದಾನೆ, ಕೆಂಚಪ್ಪ ಲಾಟೀನು ಹಿಡಿದಿದ್ದಾನೆ, ತಾಯಿ ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡುತ್ತಿದ್ದಾಳೆ. ಮುಖಪುಟದ ಮೇಲೆ ಕಥೆಗಾರನ ಹೆಸರು ಹಾಕುವುದು ಬೇಡವೇನೋ ಎಂದು ರುದ್ರಪ್ಪನವರು ಮೆಲ್ಲಗೆ ಕೇಳಿದರು. "ಹಾಕಿ" ಎಂದ ಗೌತಮ. ದಪ್ಪ ಅಕ್ಷರದಲ್ಲಿ ಬರೆದೆ.

ಸಂಚಿಕೆ ಹೊರಟ ಮೇಲೆ ಆದದ್ದನ್ನೆಲ್ಲ ಬರೆದರೆ ಬೇರೆ ಪುಸ್ತಕವೇ ಆಗುತ್ತದೆ. ಕೆಲವು ಏಜೆಂಟರು ಬಂಡಲು ಬಿಚ್ಚದೆ ವಾಪಸು ಕಳಿಸಿದರು. ಒಂದು ಮಧ್ಯಾಹ್ನ ಹತ್ತಾರು ಜನ ಪ್ರೆಸ್ಸಿನ ಮುಂದೆ ಬಂದು ಕೂಗಾಡಿದರು. ರುದ್ರಪ್ಪನವರು ಅವರನ್ನು ಮೇಲಕ್ಕೆ ಕರೆದು ಕೂರಿಸಿ ಕಾಫಿ ತರಿಸಿದರು.

"ಓದಿದ್ದೀರಾ?"

"ಓದೋದೇನು, ಎಲ್ಲ ಕೇಳಿದ್ದೀವಿ."

"ಕೇಳಿದ್ರೆ ಸಾಲದು" ಎಂದು ಸಂಚಿಕೆ ಬಿಡಿಸಿ ಮೊದಲಿಂದ ಕೊನೆಯವರೆಗೆ ಎಲ್ಲ ದನಿಗಳಲ್ಲೂ ಓದಿದರು. ಕೆರೆಯ ಏರಿಯನ್ನು ಗರುಡ ಬೆನ್ನುಕೊಟ್ಟು ತಡೆಯುವಲ್ಲಿ ಬಂದವರೆಲ್ಲ ಮುಂದಕ್ಕೆ ಬಗ್ಗಿದರು. ಹಸುವಿನ ಮಾತಿಗೆ ಇಬ್ಬರು ನಕ್ಕು, ಆಮೇಲೆ ಮುಖ ಬಿಗಿ ಮಾಡಿಕೊಂಡರು. ಹೋಗುವಾಗ ಅವರ ಮುಂದಾಳು, "ಆದ್ರೂ ಇದು ಸರಿಯಲ್ಲ ಯಜಮಾನ್ರೇ" ಎಂದ. "ಸರಿಯಲ್ದೆ ಇರಬಹುದು. ಏರಿ ಒಡೆದಾಗ ನೀವು ಯಾರನ್ನ ಕರೀತೀರಿ ಹೇಳಿ" ಎಂದರು ರುದ್ರಪ್ಪನವರು. ಅವನು ತಲೆ ಕೆರೆದುಕೊಳ್ಳುತ್ತ ಮೆಟ್ಟಿಲಿಳಿದ. ಗರುಡ ನಿಜವಾಗಿ ಇಲ್ಲ ಎಂಬುದು ಆ ಹೊತ್ತಿಗೆ ಇಬ್ಬರಿಗೂ ಮರೆತುಹೋಗಿತ್ತು.

ನೋವಾದದ್ದು ಬೇರೆ ಕಡೆ. ಗೌತಮನ ಶಾಲೆಯ ಆಡಳಿತ ಮಂಡಳಿಯವರು ಅವನನ್ನು ಕರೆಸಿ, ಬರೆಯುವುದನ್ನು ನಿಲ್ಲಿಸಿ, ಇಲ್ಲವೇ ಕೆಲಸ ಬಿಡಿ ಎಂದರು. ಅವನಿಗೆ ಪಾಠ ಮಾಡುವುದೆಂದರೆ ಪ್ರಾಣ. ಆ ಕೆಲಸವನ್ನೇ ಬಿಟ್ಟ. ಮರುದಿನವೇ ರುದ್ರಪ್ಪನವರು ಅವನನ್ನು ಪೂರ್ತಿ ಹೊತ್ತಿನ ಕೆಲಸಕ್ಕೆ ತೆಗೆದುಕೊಂಡರು. ಆದರೂ ಮೊದಲ ಕೆಲವು ತಿಂಗಳು ಶಾಲೆ ಬಿಡುವ ಹೊತ್ತಿಗೆ ಅವನು ಗಡಿಯಾರ ನೋಡುವುದನ್ನು ನಾನು ಕಾಣುತ್ತಿದ್ದೆ.

ಅವನ ಅಣ್ಣ ಬ್ಯಾಂಕಿನಲ್ಲಿ ಕೆಲಸಕ್ಕಿದ್ದವರು. ಒಂದು ದಿನ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಪ್ರೆಸ್ಸಿಗೆ ಬಂದು, ನಿಂತೇ ಮಾತಾಡಿದರು. "ನಮ್ಮಪ್ಪ ಕೂಲಿ ಮಾಡಿ ನಮ್ಮಿಬ್ಬರನ್ನೂ ಓದಿಸಿದ್ದು ಯಾರೂ ನಮ್ಮ ಕಡೆ ಬೆರಳು ತೋರಿಸಬಾರದು ಅಂತ. ಈಗ ನೀನೇ ಬೆರಳು ತೋರಿಸೋಕೆ ಒಂದು ಕಾರಣ ಕೊಟ್ಟೆಯಲ್ಲೋ."

ಗೌತಮ, "ಅಪ್ಪ ಓದಿಸಿದ್ದು ತಲೆ ತಗ್ಗಿಸಬಾರದು ಅಂತ ಅಣ್ಣ. ನಾನು ತಗ್ಗಿಸಿಲ್ಲ" ಎಂದ.

ಅಣ್ಣ ಇಳಿದು ಹೋದರು. ಹೋಗುವಾಗ ಮೇಜಿನ ಮೇಲಿದ್ದ ಸಂಚಿಕೆಯನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡದ್ದನ್ನು ನಾನೊಬ್ಬಳೇ ನೋಡಿದೆ.

ಮುಂದಿನದನ್ನು ನನಗೆ ಹೇಳಿದವರು ಗೌತಮನ ತಾಯಿಯೇ. ಅವರಿಗೆ ಓದು ಬರುತ್ತಿರಲಿಲ್ಲ. ಊರಲ್ಲಿ ಜನ ಏನೇನೋ ಆಡಿಕೊಳ್ಳುವುದನ್ನು ಕೇಳಿ, ಹಿರಿಯ ಮಗನಿಗೆ "ಅದರಾಗೆ ಏನೈತೆ ಅಂತ ಓದಿ ಹೇಳು" ಎಂದು ಪಟ್ಟು ಹಿಡಿದರಂತೆ. ಅಣ್ಣ ನಡುಮನೆಯಲ್ಲಿ, ಬುದ್ಧನ ಪಟದ ಕೆಳಗೆ ಕೂತು, ಗಂಟಲು ಸರಿಮಾಡಿಕೊಂಡು ಓದಿದರಂತೆ. ಹಸುವಿನ ಮಾತು ಬಂದಾಗ ತಾಯಿ ನಕ್ಕರು. ಆಮೇಲೆ, "ಇದು ನಮ್ಮ ಗೌತಮಂದೇ ಕಥೆ ಏನ್ಲಾ?" ಎಂದು ಕೇಳಿದರು. ಅಣ್ಣ ಸಂಚಿಕೆಯನ್ನು ಮಡಚಿ ಅವರ ಕೈಗಿಟ್ಟರಂತೆ.

ಮರುವಾರ ಆ ತಾಯಿ ಒಬ್ಬರೇ ಬಸ್ಸಿನಲ್ಲಿ ಅರಸೀಕೆರೆಗೆ ಬಂದರು. ಗೌತಮ ಬಣ್ಣ ತರಲು ಹೊರಗೆ ಹೋಗಿದ್ದ. ನನ್ನ ಮೇಜಿನ ಹತ್ತಿರ ಬಂದು ಆ ಸಂಚಿಕೆ ಬಿಡಿಸಿ ಚಿತ್ರದ ಮೇಲೆ ಬೆರಳಿಟ್ಟು, "ಈ ತಾಯಿ ಚಿತ್ರ ನೀನೇ ಏನವ್ವ ಬರೆದದ್ದು?" ಎಂದರು.

"ಹೌದಮ್ಮ."

"ಸೆರಗು ಹಿಂಗಲ್ಲ ಸಿಗಿಸೋದು. ಕೊಟ್ಟಿಗೆಗೆ ಹೋಗೋಳು ಹಿಂಗೆ ಎತ್ತಿ ಕಟ್ತಾಳೆ" ಎಂದು ಅಲ್ಲೇ ಕಟ್ಟಿ ತೋರಿಸಿದರು. ನಾನು ಪೆನ್ಸಿಲ್ ತೆಗೆದುಕೊಂಡು ಬರೆದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಗೌತಮ ಬಾಗಿಲಲ್ಲಿ ಬಂದು ನಿಂತ. ಕೈಯಲ್ಲಿದ್ದ ಬಣ್ಣದ ಡಬ್ಬಿ ಇಳಿಸುವುದೂ ಅವನಿಗೆ ಮರೆತಿತ್ತು. ತಾಯಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡೇ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಎಷ್ಟು ಸೊರಗಿದ್ದೀಯಲ್ಲೋ" ಎಂದರು. ನಾನೂ ರುದ್ರಪ್ಪನವರೂ ಕೆಳಗೆ ಕೊಬ್ಬರಿ ನೋಡಲು ಹೋದೆವು. ಅವತ್ತು ಕೊಬ್ಬರಿಯಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ಸಂಚಿಕೆ ಓದಿ ಕಾಣಲು ಬರುವವರೂ ಇದ್ದರು. ಹಾಸನದಿಂದ ಇಬ್ಬರು ಕಾಲೇಜು ಹುಡುಗಿಯರು ಬಂದು, ಏನೂ ಕೇಳದೆ ಮಹಡಿಯನ್ನೆಲ್ಲ ನೋಡಿ, "ಸುಮ್ನೆ ಬಂದ್ವಿ" ಎಂದು ಹೇಳಿ, ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಇಳಿದುಹೋದರು. ಬೇಲೂರಿನಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ ನಾಗೇಂದ್ರ ಎಂಬುವವರು, ರುದ್ರಪ್ಪನವರ ಕನ್ನಡಕದ ನಂಬರು ನೋಡುವ ನೆಪದಲ್ಲಿ ಬಂದರು. ಆಮೇಲೆ ಅದೇ ನೆಪದಲ್ಲಿ ಎಷ್ಟು ಸಲ ಬಂದರೆಂದರೆ, ರುದ್ರಪ್ಪನವರೇ "ನನ್ನ ಕಣ್ಣು ಸರಿಯಾಗೈತೆ ನಾಗೇಂದ್ರ, ಮೇಷ್ಟ್ರು ಒಳಗವ್ರೆ ಹೋಗಿ" ಎನ್ನುತ್ತಿದ್ದರು. ಗೌತಮನೂ ನಾಗೇಂದ್ರರೂ ಈಗಲೂ ಬೇಲೂರಿನಲ್ಲಿ ಒಂದೇ ಮನೆಯಲ್ಲಿದ್ದಾರೆ. ನಾನು ಹೋದಾಗ ಅಡಿಗೆ ನಾಗೇಂದ್ರರದ್ದು.

ಹೊಸ ಶತಮಾನ ಬಂತು, ಕಂಪ್ಯೂಟರ್ ಬಂತು. ಕೈಬರಹ ನಿಂತು ಫಾಂಟು ಬಂತು. ಒಮ್ಮೆ ಫಾಂಟು ತಪ್ಪಿ ಇಡೀ ಸಂಚಿಕೆಯಲ್ಲಿ ಗರುಡ ಪ್ರಶ್ನಾರ್ಥಕ ಚಿಹ್ನೆ, ಚೌಕ, ಡಾಲರ್ ಗುರುತುಗಳಲ್ಲೇ ಮಾತಾಡಿದ. 'ಧಡಾರ್' ಎಂಬ ಸದ್ದನ್ನು ಕೈಯಲ್ಲಿ ಬರೆದರೆ ಅಕ್ಷರಗಳೇ ಸಿಡಿಯುತ್ತಿದ್ದವು. ಯಂತ್ರದಲ್ಲಿ ಅವು ಶಿಸ್ತಾಗಿ ಸಾಲಲ್ಲಿ ನಿಲ್ಲುತ್ತಿದ್ದವು. ಅದನ್ನು ಕಲಿಯಲು ನನಗೆ ಬಹಳ ದಿನ ಹಿಡಿಯಿತು, ಕಲಿತೆ. ಆದರೆ ಮಕ್ಕಳು ಟೀವಿಯ ಕಡೆ ಹೊರಳಿದ್ದರು. ರುದ್ರಪ್ಪನವರಿಗೂ ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತಿತ್ತು. ನಿಲ್ಲಿಸಿಬಿಡೋಣ ಎಂದು ಅವರೇ ಹೇಳಿದರು.

ಕೊನೆಯ ಸಂಚಿಕೆಗೆ ಅವರು ಗರುಡನಿಗೆ ವೀರಮರಣ ಯೋಚಿಸಿದ್ದರು. ಒಡೆದ ಅಣೆಕಟ್ಟನ್ನು ತಡೆದು ನಿಂತು, ಊರನ್ನು ಉಳಿಸಿ, ಸೋಮಣ್ಣನ ತೊಡೆಯ ಮೇಲೆ ಪ್ರಾಣ ಬಿಡಬೇಕು. ನನಗೂ ಅದು ಚೆನ್ನಾಗಿದೆ ಅನ್ನಿಸಿತು. ಗೌತಮ ಒಪ್ಪಲಿಲ್ಲ. ರೈಲ್ವೆ ಸ್ಟೇಷನ್ ಹತ್ತಿರದ ಹಳೆ ಪುಸ್ತಕದವನಿಂದ ಅವನು ವರ್ಷಗಳ ಕಾಲ ಕೂಡಿಸಿದ್ದ ಹೊರದೇಶದ ಚಿತ್ರಕಥೆಗಳನ್ನು ತಂದು ಸಾಲಾಗಿ ಇಟ್ಟ. ಒಂದರಲ್ಲಿ ವೀರನೊಬ್ಬ ತಾನು ಗಂಡಸರನ್ನು ಪ್ರೀತಿಸುವವನು ಎಂದು ಒಂದೇ ಒಂದು ಮಾತು ಹೇಳುತ್ತಾನೆ, ಆಮೇಲೆ ಎಷ್ಟೋ ಸಂಚಿಕೆಗಳಲ್ಲಿ ಆ ಮಾತೇ ಇಲ್ಲ. ಇನ್ನೊಂದರಲ್ಲಿ ಅಂಥವನೇ ಖಳ. ಮತ್ತೊಂದರಲ್ಲಿ ಕಾಯಿಲೆ. ಉಳಿದವುಗಳಲ್ಲಿ ಸಾವು, ಬಹಳ ಚೆನ್ನಾಗಿ ಬರೆದ ಸಾವು.

"ಓದುವಾಗ ಅಳು ಬರುತ್ತೆ ಯಜಮಾನ್ರೇ. ನನಗೂ ಬಂತು. ಆದ್ರೆ ಇವರೆಲ್ಲ ಯಾಕೆ ಸಾಯ್ಬೇಕು? ಒಬ್ಬನಾದ್ರೂ ಮುದುಕ ಆಗೋದನ್ನ ನಾನು ಪುಸ್ತಕದಲ್ಲಿ ನೋಡಿಲ್ಲ. ಹಲ್ಲು ಉದುರೋದು, ಮಂಡಿ ನೋಯೋದು, ಉಪ್ಪು ಜಾಸ್ತಿ ಆಯ್ತು ಅಂತ ಜಗಳ ಆಡೋದು, ಅದನ್ನ ನೋಡ್ಬೇಕು ನನಗೆ."

ರುದ್ರಪ್ಪನವರು ತಮ್ಮ ಮಂಡಿ ನೀವಿಕೊಳ್ಳುತ್ತ, "ಮಂಡಿ ನೋವೇನು ಅಷ್ಟು ಚಂದ ಇರಲ್ಲ ಮೇಷ್ಟ್ರೇ" ಎಂದರು. ಆಮೇಲೆ, "ಬರೀರಿ" ಎಂದರು.

ಹಾಗಾಗಿ ಕೊನೆಯ ಪುಟದಲ್ಲಿ ಬೆಳಗಿನ ಹೊತ್ತು. ಹಳೇಬೀಡಿನ ಸ್ಟಾಪಿನಲ್ಲಿ ಬಸ್ಸು ನಿಂತಿದೆ. ಕೆಂಚಪ್ಪನ ಕೂದಲು ನರೆತಿದೆ, ಅಂಗಿ ಹೊಟ್ಟೆಯ ಹತ್ತಿರ ಬಿಗಿಯಾಗಿದೆ. ಮುಂದಿನ ಕಿಟಕಿಯ ಹತ್ತಿರ ಸೋಮಣ್ಣ, ತೊಡೆಯ ಮೇಲೆ ಔಷಧಿ ಚೀಲ, ಕಣ್ಣಿಗೆ ದಪ್ಪ ಕನ್ನಡಕ. "ಟಿಕೆಟ್ ತಗೊಂಡ್ರಾ?" ಎಂದು ಕೆಂಚಪ್ಪ ಕೇಳುತ್ತಾನೆ. "ಮನೇಲಿ ಕೊಡ್ತೀನಿ, ನಡೀರಿ" ಎನ್ನುತ್ತಾನೆ ಸೋಮಣ್ಣ.

ಆ ಒಂದು ಪುಟವನ್ನು ಕೈಯಲ್ಲೇ ಬರೆಯುತ್ತೇನೆ ಎಂದು ಹಟ ಮಾಡಿ ಬರೆದೆ. ಮೂಲೆಯಲ್ಲಿ 'ಮುಗಿಯಿತು' ಎಂದು ಬರೆಯಲು ಜಾಗ ಬಿಟ್ಟಿದ್ದೆ. ರುದ್ರಪ್ಪನವರು ಇಬ್ಬರ ಮಾತನ್ನೂ ದನಿ ಎತ್ತಿ ಓದಿದರು. ಮೂಲೆಯ ಖಾಲಿ ಜಾಗಕ್ಕೆ ಬಂದು ಬೆರಳು ನಿಲ್ಲಿಸಿ, "ಬಸ್ಸು ಇನ್ನೂ ಬೇಲೂರು ಮುಟ್ಟಬೇಕಲ್ಲ ಜಯಮ್ಮ" ಎಂದರು.

ಅಲ್ಲಿ ಅಕ್ಷರ ಬರೆಯಲಿಲ್ಲ. ಬ್ರಶ್ಶಿನ ಶಾಯಿ ಒರೆಸಿಕೊಂಡು, ಬಸ್ಸು ಹೊರಟಂತೆ ಹಿಂದಿನ ಗಾಲಿಯ ಕೆಳಗೆ ಸ್ವಲ್ಪ ಧೂಳು ಎಬ್ಬಿಸಿದೆ.